ಬೆವರುವ ಕಿಟಕಿ, ಚಳಿ ಬಿಡುವ ಬಾಗಿಲು: ಹೊಸದು ಕೊಳ್ಳುವ ಮೊದಲು ದೋಷ ಹುಡುಕುವ ಕೈಪಿಡಿ

ಗಾಜಿನ ಮೇಲೆ ನೀರಿಳಿಯುತ್ತಿದೆ, ಕಿಟಕಿ ಪಕ್ಕ ಕೂತರೆ ಹೆಗಲು ತಣ್ಣಗಾಗುತ್ತದೆ, ಹೊಸ್ತಿಲ ಮೇಲೆ ಹಿಮ ಕಟ್ಟಿದೆ. ಚಳಿ ಪ್ರದೇಶದ ಮನೆಗಳಲ್ಲಿ ಇಂಥ ದೂರು ಬಂದ ಕೂಡಲೇ ಮೂರು ಗಾಜಿನ ಕಿಟಕಿ ಹಾಕಿಸಿ ಎನ್ನುವವರೇ ಹೆಚ್ಚು. ಹಾಕಿಸಿದ ಮೇಲೂ ಅದೇ ಮೂಲೆ ಮತ್ತೆ ಒದ್ದೆಯಾಗುವುದುಂಟು. ದೋಷ ಗಾಜಿನಲ್ಲಿ ಇರದೆ ಕದದ ಸಂದಿ ಮುಚ್ಚುವ ರಬ್ಬರ್ ಪಟ್ಟಿಯಲ್ಲೋ (ಗ್ಯಾಸ್ಕೆಟ್), ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲೋ, ಮನೆಯೊಳಗಿನ ತೇವದಲ್ಲೋ ಇದ್ದರೆ ಆಗುವುದು ಹೀಗೆಯೇ. ನೀರು ಎಲ್ಲಿ ನಿಂತಿದೆ, ಚಳಿ ಯಾವ ಎತ್ತರದಲ್ಲಿ ತಾಗುತ್ತದೆ ಎಂಬುದನ್ನು ಸರಿಯಾಗಿ ಗಮನಿಸಿದರೆ ಕಾರಣ ಬಹುಪಾಲು ಅಲ್ಲೇ ಗೊತ್ತಾಗುತ್ತದೆ.

ಬೇಕಾದ ಸಾಮಾನು ಕಡಿಮೆ: ಆರ್ದ್ರತೆ ತೋರಿಸುವ ಡಿಜಿಟಲ್ ಮಾಪಕ, ಇನ್‌ಫ್ರಾರೆಡ್ ಥರ್ಮಾಮೀಟರ್, ಸಣ್ಣಗೆ ಹೊಗೆ ಬಿಡುವ ಒಂದು ಕಡ್ಡಿ, ಟಾರ್ಚ್, ರಸಮಟ್ಟ, ಅಲೆನ್ ಕೀ ಸೆಟ್, ಕಾಗದದ ಪಟ್ಟಿ, ದಬ್ಬಣ. ಹೊರಗೂ ಒಳಗೂ ಕನಿಷ್ಠ 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿರುವ ದಿನ, ಸಾಧ್ಯವಾದರೆ ಸೂರ್ಯ ಹುಟ್ಟುವ ಮೊದಲು ಪರೀಕ್ಷೆ ಮಾಡಿ. ಬಿಸಿಲು ಬಿದ್ದ ಗಾಜು ತಪ್ಪು ಅಂಕಿ ಕೊಡುತ್ತದೆ.

ಮೊದಲ ಪ್ರಶ್ನೆ: ನೀರು ಗಾಜಿನ ಯಾವ ಮುಖದಲ್ಲಿದೆ?

ಬೆರಳಿನಿಂದ ಒರೆಸಿ ನೋಡಿ. ಒಳಗಿನಿಂದ ಒರೆಸಿದರೆ ಹೋಗುತ್ತದೆ ಎಂದಾದರೆ ಅದು ಕೋಣೆಯ ತೇವ. ಹೊರಗಿನಿಂದ ಮಾತ್ರ ಹೋದರೆ ಚಿಂತೆಯಿಲ್ಲ: ನಿಮ್ಮ ಗಾಜು ಶಾಖವನ್ನು ಎಷ್ಟು ಚೆನ್ನಾಗಿ ತಡೆಯುತ್ತಿದೆಯೆಂದರೆ ಹೊರಗಾಜು ಬೆಚ್ಚಗಾಗುತ್ತಲೇ ಇಲ್ಲ. ಮೋಡವಿಲ್ಲದ ರಾತ್ರಿ ಅದು ಆಕಾಶಕ್ಕೆ ಶಾಖ ಬಿಟ್ಟು ಹೊರಗಾಳಿಗಿಂತಲೂ ತಣ್ಣಗಾಗಿ ಇಬ್ಬನಿ ಹಿಡಿಯುತ್ತದೆ. ಹೊಸ ಕಿಟಕಿ ಹಾಕಿಸಿದವರು ಇದನ್ನೇ ದೋಷವೆಂದು ದೂರುವುದುಂಟು. ಬಿಸಿಲೇರಿದರೆ ತಾನಾಗಿ ಆರುತ್ತದೆ. ಎರಡೂ ಕಡೆಯಿಂದ ಒರೆಸಿದರೂ ಹೋಗದಿದ್ದರೆ ನೀರು ಗಾಜುಗಳ ನಡುವೆ ಇದೆ. ಅದಕ್ಕೆ ಆಮೇಲೆ ಬರೋಣ.

ಒಳಮುಖ ಒದ್ದೆ: ತಪ್ಪು ಗಾಜಿನದೋ, ಗಾಳಿಯದೋ?

ಇದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬಹುದು. ಕೋಣೆ 20 ಡಿಗ್ರಿ ಇದ್ದಾಗ ಸಾಪೇಕ್ಷ ಆರ್ದ್ರತೆ ಶೇ. 30 ಆದರೆ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗತೊಡಗುವ ಉಷ್ಣತೆ) ಸುಮಾರು 2 ಡಿಗ್ರಿ, ಶೇ. 40ಕ್ಕೆ 6, ಶೇ. 50ಕ್ಕೆ 9.3, ಶೇ. 60ಕ್ಕೆ 12. ಗಾಜಿನ ಒಳಮುಖ ಇದಕ್ಕಿಂತ ತಣ್ಣಗಿದ್ದರೆ ಹನಿಗಟ್ಟಲೇಬೇಕು.

ಒಳಮುಖದ ಉಷ್ಣತೆ ಅಂದಾಜಿಸಲು ಒಳ-ಹೊರ ವ್ಯತ್ಯಾಸವನ್ನು ಗಾಜಿನ ಯು-ಮೌಲ್ಯದಿಂದಲೂ 0.13ರಿಂದಲೂ (ಗಾಜಿನ ಒಳಮುಖಕ್ಕೆ ಅಂಟಿದ ಗಾಳಿಪದರದ ಶಾಖತಡೆ) ಗುಣಿಸಿ, ಬಂದದ್ದನ್ನು ಕೋಣೆಯ ಉಷ್ಣತೆಯಿಂದ ಕಳೆಯಿರಿ. ಯು-ಮೌಲ್ಯ ಎಂದರೆ ಪ್ರತಿ ಚದರ ಮೀಟರಿನಲ್ಲಿ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್ ಶಾಖ ಹೊರಹೋಗುತ್ತದೆ ಎಂಬ ಅಳತೆ. ಹೊರಗೆ ಮೈನಸ್ 15, ಒಳಗೆ 20 ಎಂದಿಟ್ಟುಕೊಳ್ಳಿ. ಒಂಟಿ ಗಾಜು (ಯು 5.8) ಮೈನಸ್ 6ಕ್ಕೆ ಇಳಿಯುತ್ತದೆ, ಅಂದರೆ ಒಳಗೇ ಹಿಮ. ಲೇಪನವಿಲ್ಲದ ಜೋಡಿ ಗಾಜು (2.8) ಸುಮಾರು 7 ಡಿಗ್ರಿಯಲ್ಲಿ ನಿಲ್ಲುತ್ತದೆ. ಲೋ-ಇ ಲೇಪನ (ಶಾಖವನ್ನು ಹಿಂತಿರುಗಿಸುವ, ಕಣ್ಣಿಗೆ ಕಾಣದಷ್ಟು ತೆಳು ಪದರ) ಮತ್ತು ನಡುವೆ ಆರ್ಗಾನ್ ಅನಿಲ ಇರುವ ಜೋಡಿ ಗಾಜು (1.1) 15 ಡಿಗ್ರಿ, ಒಳ್ಳೆಯ ಮೂರು ಗಾಜು (0.6) 17 ಡಿಗ್ರಿ.

ಇದರ ಅರ್ಥ ಸರಳ. ನಿಮ್ಮದು ಲೇಪನವಿಲ್ಲದ ಜೋಡಿ ಗಾಜಾಗಿದ್ದು ಮಾಪಕ ಶೇ. 50 ತೋರಿಸುತ್ತಿದ್ದರೆ ಗಾಜೂ ಹೊಣೆ, ಗಾಳಿಯೂ ಹೊಣೆ. ಲೋ-ಇ ಆರ್ಗಾನ್ ಗಾಜಿನ ನಟ್ಟನಡುವೆ ಹನಿಗಟ್ಟಿದರೆ ಮಾತ್ರ ಮೊದಲು ಕೋಣೆಯ ತೇವವನ್ನೇ ಶಂಕಿಸಿ. ಹೊರಗೆ ಮೈನಸ್ 15ರ ಆಸುಪಾಸು ಇದ್ದಾಗ ಜೋಡಿ ಗಾಜಿನ ಮನೆಯಲ್ಲಿ ಶೇ. 30, ಮೈನಸ್ 20ರಲ್ಲಿ ಶೇ. 25 ಆರ್ದ್ರತೆ ಸಾಕು.

ತೇವದ ಮೂಲಗಳಲ್ಲಿ ಒಳಗೆ ಒಣಹಾಕಿದ ಬಟ್ಟೆ, ಮುಚ್ಚಳವಿಲ್ಲದೆ ಕುದಿಯುವ ಪಾತ್ರೆ, ಫ್ಯಾನ್ ಹಾಕದ ಸ್ನಾನ ಇವನ್ನು ಎಲ್ಲರೂ ಬಲ್ಲರು. ಗಮನಕ್ಕೆ ಬಾರದ್ದು ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರ್. 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಕೋಣೆಗೆ ಸೇರುತ್ತದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅಪಾಯ ಬೇರೆ. ಇಂಥ ಹೀಟರ್ ಇರುವ ಮನೆಯಲ್ಲಿ ಕಿಟಕಿ ಬದಲಿಸುವ ಮಾತು ಆಮೇಲೆ, ಹೀಟರ್ ಬದಲಿಸುವುದು ಮೊದಲು.

ಹಳೆಯ ಸೋರುವ ಕಿಟಕಿ ತೆಗೆಸಿ ಬಿಗಿಯಾದ ಹೊಸದು ಹಾಕಿಸಿದ ಮೊದಲ ಚಳಿಗಾಲದಲ್ಲೇ ಒದ್ದೆ ಹೆಚ್ಚಾಯಿತು ಎಂಬ ದೂರಿನಲ್ಲೂ ಕಿಟಕಿಯ ತಪ್ಪಿಲ್ಲ. ಹಳೆಯದು ಸಂದಿಗಳಿಂದಲೇ ಮನೆಗೆ ಗಾಳಿಯಾಡಿಸುತ್ತಿತ್ತು. ಆ ಕೆಲಸಕ್ಕೆ ಈಗ ಯಾರೂ ಇಲ್ಲ. ಅಡುಗೆಮನೆ, ಸ್ನಾನಗೃಹಗಳಿಗೆ ಹೊರಗೆ ದೂಡುವ ಫ್ಯಾನ್ ಅಥವಾ ಶಾಖ ಉಳಿಸಿಕೊಂಡು ಗಾಳಿ ಬದಲಿಸುವ ಯಂತ್ರ ಬೇಕು.

ನಡುಭಾಗ ಒಣಗಿದ್ದು ಅಂಚಿನಲ್ಲಷ್ಟೇ, ಅದರಲ್ಲೂ ಕೆಳಅಂಚಿನಲ್ಲಿ ಎರಡು ಮೂರು ಬೆರಳಗಲ ಹನಿಗಟ್ಟಿದ್ದರೆ ಸ್ಪೇಸರ್ ಕಡೆ ನೋಡಿ. ಗಾಜುಗಳನ್ನು ದೂರ ಹಿಡಿದಿರುವ ಪಟ್ಟಿ ಹೊಳೆಯುವ ಅಲ್ಯೂಮಿನಿಯಂ ಆಗಿದ್ದರೆ ಅದೇ ಶಾಖ ಹೊರಸಾಗಿಸುತ್ತಿದೆ. ಗಾಜುಗಳ ನಡುವಿನ ಅನಿಲದಲ್ಲಿ ತಣ್ಣಗಾದದ್ದು ಕೆಳಗಿಳಿಯುವುದರಿಂದ ಕೆಳಅಂಚೇ ಮೊದಲು ಒದ್ದೆಯಾಗುತ್ತದೆ. ಇದಕ್ಕೆ ದುರಸ್ತಿ ಇಲ್ಲ. ಮುಂದೆ ಗಾಜು ಬದಲಿಸುವಾಗ ಪ್ಲಾಸ್ಟಿಕ್ ಸಂಯುಕ್ತದ, ಶಾಖ ತಡೆಯುವ ಸ್ಪೇಸರ್ ಕೇಳಬೇಕು. ಅಲ್ಲಿಯವರೆಗೆ ದಪ್ಪ ಪರದೆಯನ್ನು ಗಾಜಿಗೆ ಒತ್ತಿಕೊಂಡಂತೆ ಬಿಡಬೇಡಿ, ಕಿಟಕಿ ಕೆಳಗಿನ ಹೀಟರಿನ ಬಿಸಿಗಾಳಿಗೆ ಅಗಲವಾದ ಹಲಗೆ ಅಡ್ಡವಿದ್ದರೆ ಅದರಲ್ಲಿ ಸೀಳುಗಂಡಿ ಬಿಡಿಸಿ, ಒಳಬದಿಯ ಸೊಳ್ಳೆಜಾಲರಿಯನ್ನು ಚಳಿಗಾಲಕ್ಕೆ ಬಿಚ್ಚಿಡಿ. ಈ ಮೂರೂ ಕೋಣೆಯ ಬಿಸಿಗಾಳಿ ಗಾಜಿಗೆ ತಲುಪದಂತೆ ಮಾಡುವ ಅಡ್ಡಿಗಳು.

ಬೂಷ್ಟಿಗೆ ಹನಿ ಬೇಕೇ ಇಲ್ಲ. ಮೇಲ್ಮೈಯ ಹತ್ತಿರದ ಗಾಳಿ ಶೇ. 80 ಆರ್ದ್ರವಾಗಿ ದಿನಗಟ್ಟಲೆ ಉಳಿದರೆ ಸಾಕು. ಕೋಣೆ 20 ಡಿಗ್ರಿ, ಶೇ. 50 ಇದ್ದಾಗ 12.6 ಡಿಗ್ರಿಗಿಂತ ತಣ್ಣಗಿರುವ ಯಾವ ಮೂಲೆಯೂ ಈ ಅಪಾಯದಲ್ಲಿದೆ. ಗಾಜಿನ ಸುತ್ತಲಿನ ಗೋಡೆ ಅಂಚನ್ನು ಥರ್ಮಾಮೀಟರಿನಿಂದ ಅಳೆಯುವಾಗ ಈ ಅಂಕಿ ನೆನಪಿರಲಿ. ಅಂದಹಾಗೆ, ಒಳಮುಖಕ್ಕೇ ಲೋ-ಇ ಲೇಪನವಿರುವ ಗಾಜನ್ನು ಇನ್‌ಫ್ರಾರೆಡ್ ಥರ್ಮಾಮೀಟರ್ ಅಳೆಯಲಾರದು. ಅದು ನಿಮ್ಮದೇ ಮೈಶಾಖದ ಪ್ರತಿಫಲನ ಓದುತ್ತದೆ. ಒಂದು ತುಂಡು ಟೇಪ್ ಅಂಟಿಸಿ, ಐದು ನಿಮಿಷ ಬಿಟ್ಟು ಟೇಪಿನ ಮೇಲೆ ಅಳೆಯಿರಿ. ಇಂಥ ಲೇಪನ ಯು-ಮೌಲ್ಯ ತಗ್ಗಿಸುತ್ತದೆ ನಿಜ, ಆದರೆ ಒಳಗಾಜು ಕೋಣೆಯ ಶಾಖ ಹೀರಿಕೊಳ್ಳದಂತೆ ಮಾಡಿ ಅದನ್ನು ಇನ್ನಷ್ಟು ತಣ್ಣಗಿಡುತ್ತದೆ. ಮೇಲೆ ಕೊಟ್ಟ 0.13ರ ಲೆಕ್ಕವೂ ಅಲ್ಲಿ ನಡೆಯದು. ತೇವ ಹೆಚ್ಚಿರುವ ಮನೆಗೆ ಅದು ಬೇಡ.

ಗಾಜುಗಳ ನಡುವೆ ಮಬ್ಬು

ಎರಡು ಗಾಜುಗಳ ಅಂಚನ್ನು ಮುಚ್ಚಿರುವ ಬ್ಯೂಟೈಲ್ (ಅಂಟುರಬ್ಬರ್) ಮುದ್ರೆ ಒಡೆದಿದೆ, ಸ್ಪೇಸರಿನೊಳಗಿನ ತೇವಹೀರುವ ಕಾಳುಗಳು ತುಂಬಿಹೋಗಿವೆ ಎಂದರ್ಥ. ಮಬ್ಬು ಬೆಳಿಗ್ಗೆ ಕಂಡು ಮಧ್ಯಾಹ್ನ ಮಾಯವಾಗುವ ಹಂತದಲ್ಲೇ ಮುದ್ರೆ ಹೋಗಿರುತ್ತದೆ. ಗಾಜಿನ ಮೇಲೆ ಬಿಳಿ ಕಲೆ ಉಳಿದರೆ ಬಹಳ ಕಾಲವಾಗಿದೆ. ಚೌಕಟ್ಟು ಗಟ್ಟಿಯಿದ್ದರೆ ಇಡೀ ಕಿಟಕಿ ಬದಲಿಸಬೇಕಿಲ್ಲ, ಗಾಜಿನ ಜೋಡಿಯನ್ನಷ್ಟೇ ಬದಲಿಸಿದರೆ ಸಾಕು. ಗಾಜಿಗೆ ತೂತು ಕೊರೆದು ಮಬ್ಬು ಒಣಗಿಸಿಕೊಡುವ ಸೇವೆಯೂ ಇದೆ. ಅದರಿಂದ ನೋಟ ತಿಳಿಯಾಗುತ್ತದೆ, ಹೋದ ಆರ್ಗಾನ್ ಮರಳದು.

ಮುದ್ರೆ ಏಕೆ ಹೋಯಿತು ಎಂದು ಕೇಳದೆ ಹೊಸ ಗಾಜು ಕೂರಿಸಿದರೆ ಅದೂ ಬೇಗ ಕೆಡುತ್ತದೆ. ಗಾಜು ಹಿಡಿದಿರುವ ಪಟ್ಟಿ ತೆಗೆದು ಕೆಳಗಿನ ತೋಡಿನಲ್ಲಿ ನೀರು ನಿಂತಿದೆಯೇ ನೋಡಿ. ಚೌಕಟ್ಟಿನ ಹೊರಬದಿಯ ಕೆಳಗಿರುವ ಬಸಿಗಂಡಿಗಳಲ್ಲಿ ಧೂಳು, ಬಣ್ಣ, ಸತ್ತ ಹುಳ ಸೇರಿಕೊಂಡಿರುವುದೇ ಹೆಚ್ಚಿನ ಸಲ ಕಾರಣ. ಒಂದು ಲೋಟ ನೀರು ತೋಡಿಗೆ ಸುರಿದರೆ ಕೆಲವೇ ಕ್ಷಣದಲ್ಲಿ ಹೊರಗೆ ಹರಿಯಬೇಕು. ಗಾಜು ಕೂರುವ ಪ್ಲಾಸ್ಟಿಕ್ ಆಧಾರತುಂಡುಗಳು ಕೆಳಅಂಚಿನ ಎರಡೂ ಕಾಲುಭಾಗದ ಬಿಂದುಗಳಲ್ಲಿ ಇರಬೇಕು, ಎರಡೂ ಗಾಜಿನ ದಪ್ಪಕ್ಕೆ ಪೂರ್ತಿ ಆಸರೆ ಕೊಡಬೇಕು, ನೀರಿನ ದಾರಿಗೆ ಅಡ್ಡಬರಬಾರದು. ಒಂದೇ ಗಾಜಿಗೆ ಆಸರೆಯಿದ್ದರೆ ಇನ್ನೊಂದು ಜಾರಿ ಮುದ್ರೆಯನ್ನು ಹರಿಯುತ್ತದೆ.

ಅಪರೂಪದ ಇನ್ನೊಂದು ಲಕ್ಷಣ ಇಲ್ಲೇ ಹೇಳಬೇಕು. ಕಡು ಚಳಿಯ ದಿನ ಗಾಜಿನ ನಟ್ಟನಡುವೆ ಮೊಟ್ಟೆಯಾಕಾರದ ಒದ್ದೆ ಮಚ್ಚೆ ಮೂಡಿ, ಸುತ್ತ ಒಣಗಿದ್ದರೆ ಎರಡು ಗಾಜುಗಳು ಒಳಕ್ಕೆ ಬಾಗಿ ನಡುವೆ ಹತ್ತಿರವಾಗಿವೆ. ಅನಿಲ ಚಳಿಗೆ ಕುಗ್ಗುವುದು ಸಹಜ. ಸಂದು ಕಿರಿದಾಗಿ ಗಾಜು ದೊಡ್ಡದಿದ್ದರೆ, ಅಥವಾ ಆರ್ಗಾನ್ ಸೋರಿಹೋದಷ್ಟು ವೇಗದಲ್ಲಿ ಗಾಳಿ ಒಳಬರದಿದ್ದರೆ, ಬಾಗು ವಿಪರೀತವಾಗುತ್ತದೆ. ಓರೆಯಿಂದ ನೋಡಿದರೆ ಕಾಮನಬಿಲ್ಲಿನ ಉಂಗುರ ಕಾಣುವುದೂ ಉಂಟು. ಆ ಗಾಜನ್ನು ಬದಲಿಸಬೇಕು. ಹೊಸದರಲ್ಲಿ ಆರ್ಗಾನ್‌ಗೆ 14ರಿಂದ 16 ಮಿ.ಮೀ. ಸಂದು ಇರಲಿ.

ಬಿರುಕು ಬಿಟ್ಟಿದ್ದರೆ ಅದು ಶುರುವಾದ ಜಾಗ ನೋಡಿ. ಅಂಚಿನಿಂದ ನೇರ ಲಂಬವಾಗಿ ಹೊರಟ ಒಂಟಿ ಬಿರುಕು ಶಾಖದ ಒತ್ತಡದ್ದು, ಉದಾಹರಣೆಗೆ ಹೀಟರ್ ಗಾಜಿಗೇ ಊದುತ್ತಿದ್ದದ್ದು. ಒಂದು ಬಿಂದುವಿನಿಂದ ಕವಲೊಡೆದಿದ್ದರೆ ಏಟಿನದು.

ಗಾಳಿ ನಿಜವಾಗಿ ನುಸುಳುತ್ತಿದೆಯೇ?

ಕಿಟಕಿ ಬಳಿ ಚಳಿ ತಾಗಿದ ಮಾತ್ರಕ್ಕೆ ಸೋರಿಕೆ ಎನ್ನಲಾಗದು. ತಣ್ಣನೆಯ ಗಾಜಿಗೆ ತಾಗಿದ ಗಾಳಿ ಭಾರವಾಗಿ ಕೆಳಗಿಳಿದು ನೆಲದ ಮೇಲೆ ಹರಿಯುತ್ತದೆ; ಸೋರಿಕೆ ಒಂದಿಷ್ಟೂ ಇರದ ಕಿಟಕಿಯಲ್ಲೂ ಕಾಲಿಗೆ ಗಾಳಿ ಬಡಿದಂತೆ ಆಗುತ್ತದೆ. ಹೊಗೆಕಡ್ಡಿ ಹಿಡಿದು ಕದ ಮತ್ತು ಚೌಕಟ್ಟಿನ ಸಂದಿಗುಂಟ ನಿಧಾನವಾಗಿ ಸಾಗಿಸಿ. ಸಂದಿಯಲ್ಲಿ ಹೊಗೆ ಅಲುಗದೆ, ಗಾಜಿನ ಮುಂದೆ ಮಾತ್ರ ನೇರ ಕೆಳಕ್ಕೆ ಜಾರಿದರೆ ಅದು ಗಾಜಿನ ದೋಷ. ಎಷ್ಟು ರಬ್ಬರ್ ಅಂಟಿಸಿದರೂ ಫಲವಿಲ್ಲ. ಸಂದಿಯಲ್ಲಿ ಹೊಗೆ ಅಡ್ಡಕ್ಕೆ ಹಾರಿದರೆ ಅಲ್ಲಿ ಸೋರಿಕೆ.

ಹೊಗೆ ಸ್ಪಷ್ಟವಾಗದಿದ್ದರೆ ಎಲ್ಲ ಕಿಟಕಿ ಮುಚ್ಚಿ ಅಡುಗೆಮನೆ, ಸ್ನಾನಗೃಹದ ಫ್ಯಾನ್‌ಗಳನ್ನು ಒಟ್ಟಿಗೆ ಹಾಕಿ. ಒಳಗಿನ ಒತ್ತಡ ಇಳಿದು ಸೋರಿಕೆ ಎದ್ದು ಕಾಣುತ್ತದೆ. ಮನೆಯಲ್ಲಿ ಸೌದೆ ಒಲೆ ಅಥವಾ ಚಿಮಣಿಗೆ ಸೇರಿದ ಬಾಯ್ಲರ್ ಇದ್ದರೆ ಮೊದಲು ಅದನ್ನು ಆರಿಸಿ, ಇಲ್ಲವಾದರೆ ಹೊಗೆ ಮನೆಯೊಳಕ್ಕೆ ತಿರುಗುತ್ತದೆ.

ಮಹಡಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಚಳಿಗಾಲದಲ್ಲಿ ಬೆಚ್ಚನೆಯ ಗಾಳಿ ಮೇಲೇರುವುದರಿಂದ ಕೆಳಮಹಡಿಯ ಸಂದಿಗಳಲ್ಲಿ ಹೊರಗಾಳಿ ಒಳಬರುತ್ತದೆ, ಮೇಲ್ಮಹಡಿಯ ಸಂದಿಗಳಲ್ಲಿ ಒಳಗಾಳಿ ಹೊರಹೋಗುತ್ತದೆ. ಹಾಗಾಗಿ ಒಂದೇ ಬಗೆಯ ಸೋರಿಕೆ ಕೆಳಗೆ ಚಳಿಯಾಗಿ ಕಾಣಿಸುತ್ತದೆ, ಮೇಲೆ ಚಿಲಕ ಮತ್ತು ಗ್ಯಾಸ್ಕೆಟ್ ಮೇಲಿನ ಹಿಮವಾಗಿ. ಮೇಲ್ಮಹಡಿಯ ಕಿಟಕಿ ಹೆಪ್ಪುಗಟ್ಟಿ ತೆರೆಯದಿದ್ದರೆ ತೇವತುಂಬಿದ ಮನೆಗಾಳಿ ಅಲ್ಲಿಂದ ಹೊರಹೋಗುತ್ತಿದೆ ಎಂದು ತಿಳಿಯಿರಿ. ಒಂದರ ಹಿಂದೊಂದು ಎರಡು ಪ್ರತ್ಯೇಕ ಕಿಟಕಿಯಿರುವ ಹಳೆಯ ಮನೆಗಳಲ್ಲೂ ಇದೇ ನಿಯಮ: ಹೊರಕಿಟಕಿಯ ಒಳಮುಖದಲ್ಲಿ ಹಿಮವಿದ್ದರೆ ಸೋರುವುದು ಒಳಕಿಟಕಿ. ಒಳಗಿನದನ್ನು ಬಿಗಿ ಮಾಡಿ, ಹೊರಗಿನದರ ಕೆಳಗಿನ ಗಂಡಿಗಳನ್ನು ತೆರೆದೇ ಬಿಡಿ.

ಸೋರಿಕೆ ಕದದಲ್ಲಿ ಕಂಡರೆ ಕಾಗದದ ಪಟ್ಟಿಯನ್ನು ಗ್ಯಾಸ್ಕೆಟ್ ಮೇಲಿಟ್ಟು ಕದ ಮುಚ್ಚಿ ಎಳೆಯಿರಿ. ಸುತ್ತಲೂ ಒಂದೊಂದು ಗೇಣಿಗೆ ಹೀಗೆ ಮಾಡಿ. ಸಲೀಸಾಗಿ ಜಾರಿದ ಜಾಗ ಒತ್ತಡ ಸಾಲದ ಜಾಗ. ಆಗ ಈ ಕ್ರಮದಲ್ಲಿ ಸಾಗಿ:

1. ಗ್ಯಾಸ್ಕೆಟನ್ನು ಸೋಪುನೀರಿನಿಂದ ಒರೆಸಿ, ಬೆರಳಿಂದ ಒತ್ತಿ ಬಿಡಿ. ಮತ್ತೆ ಎದ್ದು ನಿಂತರೆ ಜೀವವಿದೆ; ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಚಪ್ಪಟೆಯಾಗಿಯೇ ಉಳಿದರೆ, ಬಿರುಕಿದ್ದರೆ, ಅಥವಾ ಮೇಲೆ ಬಣ್ಣ ಬಿದ್ದು ಗಡುಸಾಗಿದ್ದರೆ ಬದಲಿಸಿ.
2. ಕದ ಜೋತಿದ್ದರೆ ಕೀಲುಗಳ ಸ್ಕ್ರೂ ಹೊಂದಿಸಿ. ಒಳಕ್ಕೆ ತೆರೆದು ಓರೆಯೂ ಆಗುವ ಕಿಟಕಿಗಳಲ್ಲಿ ಸಾಮಾನ್ಯವಾಗಿ 4 ಮಿ.ಮೀ. ಅಲೆನ್ ಕೀ ಹಿಡಿಯುತ್ತದೆ. ಅರ್ಧ ಸುತ್ತು ತಿರುಗಿಸಿ, ಮುಚ್ಚಿ ನೋಡಿ, ಮತ್ತೆ ತಿರುಗಿಸಿ.
3. ಕದದ ಅಂಚಿನಲ್ಲಿರುವ ಅಣಬೆಯಾಕಾರದ ಲಾಕ್ ಗುಬುಟುಗಳನ್ನು ಗ್ಯಾಸ್ಕೆಟ್ ಕಡೆಗೆ ತಿರುಗಿಸಿ. ಇವುಗಳ ಹೊಂದಾಣಿಕೆ ಒಂದು ಮಿ.ಮೀ. ಆಸುಪಾಸು ಅಷ್ಟೇ. ಹಿಡಿ ತಿರುಗಿಸಲು ಬಲ ಹಾಕಬೇಕಾಗಿ ಬಂದರೆ ಅತಿಯಾಯಿತು, ಹಿಂದಕ್ಕೆ ಬನ್ನಿ.

ಹೊಸ ಗ್ಯಾಸ್ಕೆಟ್ ತರುವಾಗ ಹಳೆಯದರ ತುಂಡು ಕತ್ತರಿಸಿ ಜೊತೆಗೊಯ್ಯಿರಿ. ಬುಡದ ಆಕಾರ ತೋಡಿಗೆ ಸರಿಹೊಂದದಿದ್ದರೆ ಅದು ನಿಲ್ಲದು. ಕೂರಿಸುವಾಗ ಎಳೆಯಬೇಡಿ. ಎಳೆದು ಕೂರಿಸಿದ ರಬ್ಬರ್ ಕೆಲವೇ ವಾರದಲ್ಲಿ ಕುಗ್ಗಿ ಮೂಲೆಗಳಲ್ಲಿ ಬಾಯಿ ಬಿಡುತ್ತದೆ. ಮೀಟರಿಗೆ ಒಂದು ಸೆಂ.ಮೀ. ಹೆಚ್ಚಾಗಿಯೇ ಕತ್ತರಿಸಿ, ಒತ್ತಿ ಒತ್ತಿ ಸೇರಿಸಿ. ಜಾರುವ ಕದಗಳಲ್ಲಿ ರಬ್ಬರಿನ ಬದಲು ಕುಂಚದಂಥ ಪಟ್ಟಿ ಇರುತ್ತದೆ. ಅದನ್ನು ಬದಲಿಸಿದರೂ ಒತ್ತಿ ಮುಚ್ಚುವ ಕದದಷ್ಟು ಬಿಗಿ ಎಂದೂ ಬಾರದು.

ಕದದ ಸಂದಿ ಶಾಂತವಾಗಿದ್ದು ಚೌಕಟ್ಟಿನ ಸುತ್ತಲಿನ ಅಲಂಕಾರ ಪಟ್ಟಿಯ ಅಂಚಿನಲ್ಲಿ ಹೊಗೆ ಹಾರಿದರೆ ಸೋರಿಕೆ ಗೋಡೆಯದು. ಪಟ್ಟಿಯನ್ನು ಹುಷಾರಾಗಿ ಬಿಚ್ಚಿ. ಒಳಗೆ ಗಾಜುನಾರಿನ ಹತ್ತಿ ತುರುಕಿರುವುದು, ಅದು ಧೂಳು ಹಿಡಿದು ಕಪ್ಪಾಗಿರುವುದು ಕಂಡರೆ ಆಶ್ಚರ್ಯಪಡಬೇಡಿ: ಹತ್ತಿ ಗಾಳಿ ತಡೆಯುವುದಿಲ್ಲ, ಸೋಸುತ್ತದೆ. ಅದನ್ನು ತೆಗೆದು ಕಿಟಕಿ-ಬಾಗಿಲಿಗೆಂದೇ ಬರುವ, ಕಡಿಮೆ ಉಬ್ಬುವ ಪಾಲಿಯುರೆಥೇನ್ ಫೋಮ್ ತುಂಬಿ. ಹೆಚ್ಚು ಉಬ್ಬುವ ಫೋಮ್ ಚೌಕಟ್ಟನ್ನು ಒಳಕ್ಕೆ ತಳ್ಳಿ ಕದ ಸಿಕ್ಕಿಕೊಳ್ಳುವಂತೆ ಮಾಡುತ್ತದೆ. ಫೋಮ್ ಗಟ್ಟಿಯಾಗಲು ತೇವ ಬೇಕು. ಒಣ ಚಳಿಗಾಳಿಯಲ್ಲಿ ಸಂದಿಗೆ ಮೊದಲು ಸ್ವಲ್ಪ ನೀರು ಸಿಂಪಡಿಸಿ, ಡಬ್ಬಿಯನ್ನು ಕೋಣೆಯ ಉಷ್ಣತೆಯಲ್ಲಿಟ್ಟು ಬಳಸಿ. ಫೋಮ್ ಮೇಲೆ ಒಳಬದಿಯಲ್ಲಿ ಗಾಳಿಯನ್ನೂ ಆವಿಯನ್ನೂ ತಡೆಯುವ ಟೇಪ್, ಹೊರಬದಿಯಲ್ಲಿ ಮಳೆ ತಡೆದು ಆವಿ ಬಿಡುವ ಟೇಪ್ ಬರಬೇಕು. ತಿರುವುಮುರುವಾದರೆ ಸಂದಿಯೊಳಗೇ ನೀರು ಕಟ್ಟಿ ಮರ ಕೊಳೆಯುತ್ತದೆ. ಪಟ್ಟಿ ಬಿಚ್ಚಿದ್ದಾಗಲೇ ಮರದ ಕೆಳಮೂಲೆಗಳನ್ನು ದಬ್ಬಣದಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಹೋದರೆ ಅಲ್ಲಿ ದುರಸ್ತಿ ಸಾಲದು, ಚೌಕಟ್ಟೇ ಹೋಗಬೇಕು.

ಬಾಗಿಲು

ರಾತ್ರಿ ಹೊರಗಿನಿಂದ ಟಾರ್ಚ್ ಹಾಯಿಸಿ, ಒಳಗೆ ಕತ್ತಲಲ್ಲಿ ನಿಂತು ನೋಡಿ. ಬೆಳಕು ಬಂದಲ್ಲಿ ಗಾಳಿಯೂ ಬರುತ್ತದೆ. ಚಿಲಕದ ಕಡೆಯ ಕೆಳಮೂಲೆ ಬಹುಸಾಮಾನ್ಯ ಅಪರಾಧಿ: ನಿಲುವುಗಂಬದ ಗ್ಯಾಸ್ಕೆಟ್ಟೂ ಹೊಸ್ತಿಲ ಪಟ್ಟಿಯೂ ಸೇರುವ ಆ ಜಾಗದಲ್ಲಿ ಸಣ್ಣ ಮೂಲೆದಿಂಬು ಇರಬೇಕು, ಹಲವು ಬಾಗಿಲುಗಳಲ್ಲಿ ಅದೇ ಇರುವುದಿಲ್ಲ.

ಕದದ ಸುತ್ತ ಸುಮಾರು 3 ಮಿ.ಮೀ. ಸಮನಾದ ಸಂದು ಬೇಕು. ಪಕ್ಕದ ಸಂದುಗಳ ಮೇಲ್ಭಾಗದಲ್ಲಿ ಚಿಲಕದ ಕಡೆಯದು ಕಿರಿದಾಗಿ ಕೀಲಿನ ಕಡೆಯದು ಅಗಲವಾಗಿದ್ದರೆ ಮೇಲಿನ ಕೀಲು ಸಡಿಲಗೊಂಡು ಕದ ಜೋತಿದೆ. ಆ ಕೀಲಿನ ಒಂದು ಸ್ಕ್ರೂ ತೆಗೆದು ಗೋಡೆಯ ಕಂಬದವರೆಗೆ ಹೋಗುವ 75 ಮಿ.ಮೀ. ಸ್ಕ್ರೂ ಹಾಕಿ ಬಿಗಿದರೆ ಕದ ಮೇಲೇಳುತ್ತದೆ. ಕೀಲು, ಆಮೇಲೆ ಚಿಲಕದ ತಟ್ಟೆ, ಆಮೇಲೆ ಗ್ಯಾಸ್ಕೆಟ್, ಕೊನೆಗೆ ಹೊಸ್ತಿಲ ಎತ್ತರದ ಸ್ಕ್ರೂ: ಈ ಕ್ರಮ ತಪ್ಪಿಸಬೇಡಿ. ಹೊಸ್ತಿಲನ್ನು ಮೊದಲು ಎತ್ತಿದವರು ಕೀಲು ಸರಿಮಾಡಿದ ಮೇಲೆ ಅದನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಹಗಲು ಸರಿಯಿದ್ದು ಕಡುಚಳಿಯ ರಾತ್ರಿ ಮಾತ್ರ ಸೋರುವ ಬಾಗಿಲು ಬಾಗುತ್ತಿದೆ. ಒಳಮುಖ ಬೆಚ್ಚಗಿದ್ದು ಹಿಗ್ಗುತ್ತದೆ, ಹೊರಮುಖ ಕುಗ್ಗುತ್ತದೆ. ಕದದ ನಡುಭಾಗ ಮನೆಯೊಳಕ್ಕೆ ಉಬ್ಬಿ, ಮೇಲಿನ ಕೆಳಗಿನ ತುದಿಗಳು ಹೊರಕ್ಕೆ ಸರಿಯುತ್ತವೆ. ಹೊರಕ್ಕೆ ತೆರೆಯುವ ಬಾಗಿಲಿನಲ್ಲಿ ಆ ತುದಿಗಳು ಗ್ಯಾಸ್ಕೆಟ್‌ನಿಂದ ದೂರವಾಗಿ ಸೋರುತ್ತವೆ. ಒಳಕ್ಕೆ ತೆರೆಯುವ, ಗಾಢ ಬಣ್ಣದ ಬಾಗಿಲಿಗೆ ತೊಂದರೆ ಬಿಸಿಲಿನಲ್ಲಿ: ಹೊರಮುಖ ಕಾದು ಬಾಗು ತಿರುಗಿ, ತುದಿಗಳು ಒಳಬರುತ್ತವೆ. ಎರಡಕ್ಕೂ ಮದ್ದು ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿಯುವ ಲಾಕ್. ದಪ್ಪ ಗ್ಯಾಸ್ಕೆಟ್ ತಾತ್ಕಾಲಿಕ ಉಪಾಯ.

ಹೊಸ್ತಿಲು, ಕೀಲು, ಚಿಲಕದ ಮೇಲೆ ಹಿಮವಿದ್ದು ಹೊಗೆ ಅಲುಗದಿದ್ದರೆ ಒಳಗಿನಿಂದ ಹೊರಗಿನವರೆಗೆ ಒಂದೇ ಲೋಹ ಹಾದುಹೋಗಿದೆ. ಅಲ್ಯೂಮಿನಿಯಂ ಹೊಸ್ತಿಲಿನ ನಡುವೆ ಪಾಲಿಅಮೈಡ್ ಅಥವಾ ಬೇರೆ ಪ್ಲಾಸ್ಟಿಕ್ ತಡೆಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಬದಲಿಸುವುದೊಂದೇ ದಾರಿ. ಅಲ್ಯೂಮಿನಿಯಂ ಕಿಟಕಿ ಚೌಕಟ್ಟಿಗೂ ಇದೇ ಮಾತು.

ಬದಲಿಸಲೇಬೇಕಾದಾಗ

ಮಾರುವವರು ಹೇಳುವ ಯು-ಮೌಲ್ಯ ಗಾಜಿನ ನಡುಭಾಗದ್ದೋ, ಇಡೀ ಕಿಟಕಿಯದೋ ಕೇಳಿ. 1.2 ಮೀ. ಅಗಲ, 1.5 ಮೀ. ಎತ್ತರದ ಕಿಟಕಿ, 11 ಸೆಂ.ಮೀ. ಅಗಲದ ಚೌಕಟ್ಟು (ಯು 1.4), 0.6ರ ಗಾಜು, ಅಲ್ಯೂಮಿನಿಯಂ ಸ್ಪೇಸರ್ (ಅಂಚಿನ ನಷ್ಟ ಮೀಟರಿಗೆ 0.08) ಎಂದಾದರೆ ಇಡೀ ಕಿಟಕಿ 1.04ಕ್ಕೆ ಬಂದು ನಿಲ್ಲುತ್ತದೆ. ಸ್ಪೇಸರ್ ಒಂದನ್ನೇ 0.04ರದ್ದಕ್ಕೆ ಬದಲಿಸಿದರೆ 0.94. ಸಣ್ಣ ಚೌಕಗಳಾಗಿ ಒಡೆದ ಕಿಟಕಿಯಲ್ಲಿ ಚೌಕಟ್ಟೂ ಅಂಚೂ ಹೆಚ್ಚಾಗಿ ಲೆಕ್ಕ ಇನ್ನೂ ಕೆಡುತ್ತದೆ. ಅದೇ ಅಳತೆಗೆ ಒಂದೇ ದೊಡ್ಡ ಗಾಜು ಮೇಲು. ಅಮೆರಿಕದ ಲೇಬಲ್ಲಿನ ಅಂಕಿಯನ್ನು 5.678ರಿಂದ ಗುಣಿಸಿದರೆ ಮೆಟ್ರಿಕ್ ಅಂಕಿ ಸಿಗುತ್ತದೆ: 0.22 ಎಂದರೆ 1.25. ಪ್ಯಾಸಿವ್ ಹೌಸ್ (ತೀರ ಕಡಿಮೆ ಶಾಖದಲ್ಲಿ ಬೆಚ್ಚಗಿರುವ ಮನೆಗಳ ಮಾನದಂಡ) ಮಟ್ಟದ ಮನೆಗೆ ಮಧ್ಯ ಯುರೋಪಿನಂಥ ಹವೆಯಲ್ಲಿ ಇಡೀ ಕಿಟಕಿ 0.80ರೊಳಗೆ ಇರಬೇಕು, ಕಡುಚಳಿಯ ಪ್ರದೇಶದಲ್ಲಿ ಇನ್ನೂ ಕಡಿಮೆ.

ಬಿಸಿಲು ಬೀಳುವ ದಿಕ್ಕಿನ ಗಾಜಿಗೆ ಯು-ಮೌಲ್ಯದ ಜೊತೆ ಸೌರಶಾಖ ಗುಣಾಂಕವೂ (ಬಿದ್ದ ಬಿಸಿಲ ಶಾಖದಲ್ಲಿ ಒಳಬರುವ ಪಾಲು) ಮುಖ್ಯ, ನೆರಳಿಲ್ಲದಿದ್ದರೆ 0.5 ಅಥವಾ ಹೆಚ್ಚಿನದು ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುತ್ತದೆ. ಬಂದ ಗಾಜಿನಲ್ಲಿ ಲೇಪನ ಇದೆಯೇ ಎಂದು ಕತ್ತಲಲ್ಲಿ ಲೈಟರ್ ಹಿಡಿದು ನೋಡಬಹುದು. ಜೋಡಿ ಗಾಜಿನಲ್ಲಿ ನಾಲ್ಕು ಪ್ರತಿಬಿಂಬ ಕಾಣುತ್ತವೆ, ಬೇರೆ ಬಣ್ಣದ್ದು ಲೇಪನದ ಮುಖ. ಹೊರಗಿನಿಂದ ಎಣಿಸಿದರೆ ಚಳಿ ಪ್ರದೇಶಕ್ಕೆ ಮೂರನೆಯ ಮುಖ ಒಳ್ಳೆಯದು. ಗಾಜು ತಿರುಗಿಸಿ ಕೂರಿಸಿದ್ದರೂ ಯು-ಮೌಲ್ಯ ಕೆಡದು, ಆದರೆ ಒಳಬರುವ ಬಿಸಿಲ ಶಾಖ ಕಡಿಮೆಯಾಗುತ್ತದೆ.

ಕೂರಿಸುವವರಿಗೆ ಮೊದಲೇ ಹೇಳಬೇಕಾದ್ದು ಎರಡು. ಚೌಕಟ್ಟು ಗೋಡೆಯ ಶಾಖನಿರೋಧಕ ಪದರದ ಸಾಲಿನಲ್ಲಿ ಕೂರಬೇಕು. ಹೊರಅಂಚಿಗೆ ದೂಡಿದರೆ ಸುತ್ತಲಿನ ಗೋಡೆಯಂಚು ತಣ್ಣಗಾಗಿ ಬೂಷ್ಟು ಹಿಡಿಯುತ್ತದೆ. ಮತ್ತೆ, ಒಳಗಿನ ಅಲಂಕಾರ ಪಟ್ಟಿ ಹೊಡೆಯುವ ಮೊದಲು ಫ್ಯಾನ್ ಹಾಕಿ ಹೊಗೆ ಪರೀಕ್ಷೆ ಮಾಡಿಸಿ. ಆಗ ಸಂದಿ ಸಿಕ್ಕರೆ ಅಂಗೈಯಗಲ ಟೇಪಿನಲ್ಲಿ ಮುಗಿಯುತ್ತದೆ, ಪಟ್ಟಿ ಹೊಡೆದು ಬಣ್ಣ ಹಚ್ಚಿದ ಮೇಲಾದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು.